ನಿಂತರೆ ಕಾಯುವ ಗಾಡಿ

ಓಡುವಾಗ ತಣ್ಣಗಿದ್ದು ನಿಂತಾಗ ಕಾಯುವ ಗಾಡಿಯನ್ನು ನೀವು ಇನ್ನೂ ನೋಡಿಲ್ಲದಿದ್ದರೆ, ಈ ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ನೋಡುತ್ತೀರಿ. ಸಿಗ್ನಲ್ಲಿನಲ್ಲಿ ನಿಂತರೆ ಕಾವಿನ ಮೀಟರಿನ ಮುಳ್ಳು ಏರುತ್ತದೆ, ಗಾಡಿ ಓಡಿದರೆ ಇಳಿಯುತ್ತದೆ ಎಂದು ಡ್ರೈವರ್ ಬಂದು ಹೇಳುತ್ತಾನೆ. ನೀವು ಗಾಡಿ ತೆಗೆದುಕೊಂಡು ಒಂದು ಸುತ್ತು ಹೋಗಿ ಬರುತ್ತೀರಿ. ಮುಳ್ಳು ಅಲ್ಲಾಡುವುದಿಲ್ಲ. ಡ್ರೈವರ್‌ಗೆ ಭ್ರಮೆ ಎಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಅದರಿಂದ ಒಬ್ಬ ಮನುಷ್ಯನ ಕಣ್ಣು ಹೋಯಿತು.

ನನ್ನ ಹೆಸರು ರಂಗಸ್ವಾಮಿ. ಮೂವತ್ತಮೂರು ವರ್ಷ ಡೀಸೆಲ್ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಯಾವಾಗ ಮೆಕ್ಯಾನಿಕ್ ಆದೆ, ಯಾವಾಗ ಫೋರ್‌ಮನ್ ಆದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನಿಮಗೆ ಕಲಿಯುವುದೇನೂ ಇಲ್ಲ. ನಿವೃತ್ತಿಯ ದಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಶಾಲು ಹೊದಿಸಿ, ಒಬ್ಬರು ಮೈಕಿನಲ್ಲಿ "ಒಂದು ಕಪ್ಪು ಚುಕ್ಕೆಯೂ ಇಲ್ಲದ ಸರ್ವೀಸು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ನಿಂತು ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಕೇಸರಿಬಾತ್ ತಿಂದು ಮನೆಗೆ ಬಂದೆ. ಈಗ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಇಂಜಿನ್ನಿನ ಕಾವನ್ನು ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿಂದ ಅದನ್ನು ಗಾಳಿ ಒಯ್ಯುತ್ತದೆ. ಗಾಡಿ ಓಡುವಾಗ ಎದುರಿನಿಂದ ಬರುವ ಗಾಳಿಯೇ ಸಾಕು. ನಿಂತಾಗ ಗಾಳಿ ಎಳೆಯಬೇಕಾದದ್ದು ಫ್ಯಾನ್ ಒಂದೇ. ಹಾಗಾಗಿ ನಿಂತಾಗ ಮಾತ್ರ ಕಾಯುವ ಗಾಡಿಯಲ್ಲಿ ನೀರಿನ ಕಡೆ ಹೋಗುವ ಮೊದಲು ಗಾಳಿಯ ಕಡೆ ನೋಡಬೇಕು. ಇಷ್ಟೇ. ಇದನ್ನು ಯಾರು ಬೇಕಾದರೂ ಐದು ನಿಮಿಷದಲ್ಲಿ ಕಲಿಯಬಹುದು. ನಾನು ಇದನ್ನು ಎರಡು ಸಲ ಕಲಿತೆ, ಎರಡನೆಯ ಸಲ ಬೇರೆಯವನ ಖರ್ಚಿನಲ್ಲಿ.

ಮೊದಲ ಸಲ ಕಲಿಸಿದವರು ಖಾದರ್ ಭಾಯ್. ಪೀಣ್ಯ ಎರಡನೇ ಹಂತದಲ್ಲಿ ಎರಡು ಲೇತ್ ಶಾಪುಗಳ ನಡುವೆ ಅವರ ಗ್ಯಾರೇಜಿತ್ತು. ಎರಡು ಸಾವಿರದ ಇಸವಿ ಆಗತಾನೇ ಕಳೆದಿದ್ದ ಕಾಲ. ನನಗೆ ಹದಿನೈದು ವರ್ಷದ ಅನುಭವವಿತ್ತು, ಅದಕ್ಕಿಂತ ಹೆಚ್ಚಿನ ಗರ್ವವಿತ್ತು. ಗಾರ್ಮೆಂಟ್ಸ್ ಮಾಲೀಕರೊಬ್ಬರ ಎ.ಸಿ. ವ್ಯಾನು ಬಂತು. ಗೇಟಿನಲ್ಲಿ ನಿಂತರೆ ಕಾಯುತ್ತದೆ, ತುಮಕೂರು ರಸ್ತೆಗೆ ಬಿದ್ದರೆ ಸರಿಹೋಗುತ್ತದೆ. ನಾನು ಥರ್ಮೋಸ್ಟಾಟ್ ಬದಲಾಯಿಸಿದೆ. ಕಾಯಿತು. ವಾಟರ್ ಪಂಪು ಬದಲಾಯಿಸಿದೆ. ಮತ್ತೆ ಕಾಯಿತು. ಮೂರನೆಯ ದಿನ ಹೆಡ್ ಗ್ಯಾಸ್ಕೆಟ್ಟೇ ಹೋಗಿರಬೇಕೆಂದು ಹೆಡ್ ಬಿಚ್ಚಲು ಸ್ಪ್ಯಾನರ್ ಜೋಡಿಸಿಕೊಳ್ಳುತ್ತಿದ್ದೆ.

ಖಾದರ್ ಭಾಯ್ ನಮಾಜು ಮುಗಿಸಿ ಬಂದವರು ಇಂಜಿನ್ ಸ್ಟಾರ್ಟ್ ಮಾಡಿಸಿದರು. ಜೇಬಿನಿಂದ ಕರ್ಚೀಫು ತೆಗೆದು ಮುಂದಿನ ಜಾಲರಿಗೆ ಹಿಡಿದು ಕೈ ಬಿಟ್ಟರು. ಕರ್ಚೀಫು ಜಾರಿ ನೆಲಕ್ಕೆ ಬಿತ್ತು.

"ಫ್ಯಾನ್ ಎಳೀತಿದ್ರೆ ಇದು ಅಲ್ಲೇ ಅಂಟ್ಕೋಬೇಕಿತ್ತು," ಎಂದರು. "ಅರೇ ರಂಗಾ, ಗಾಡಿಗೆ ಉಸ್ರು ಕಟ್ಟಿದೆ. ನೀನು ಹೊಟ್ಟೆ ಕುಯ್ಯೋಕೆ ಹೊರಟಿದ್ದೀಯಲ್ಲಪ್ಪಾ."

ಎ.ಸಿ.ಯ ಜಾಲರಿಗೂ ರೇಡಿಯೇಟರಿಗೂ ನಡುವೆ ಎರಡು ಬೆರಳಿನಷ್ಟು ಸಂದು ಇರುತ್ತದೆ. ಅಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಬಟ್ಟೆಯ ಎಳೆ, ಹತ್ತಿಯ ಧೂಳು ಸೇರಿ ಹಾಸಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಮುಂದಿನಿಂದಲೂ ಕಾಣುತ್ತಿರಲಿಲ್ಲ, ಹಿಂದಿನಿಂದಲೂ ಕಾಣುತ್ತಿರಲಿಲ್ಲ. ಕೈಹಾಕಿ ಎಳೆದರೆ ಹಾಳೆ ಹಾಳೆಯಾಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಗಾಡಿ ಹೊರಟುಹೋಯಿತು. ಭಾಯ್ ಬೈಯಲಿಲ್ಲ. "ಡ್ರೈವರ್ ಮೊದಲನೇ ದಿನಾನೇ ನಿಂಗೆ ಹೇಳಿದ್ದ, ನಿಂತಾಗ ಅಂತ. ನೀನು ಅಷ್ಟು ಮಾತು ಬಿಟ್ಟು ಬಾಕಿದ್ದೆಲ್ಲ ಕೇಳಿಸ್ಕೊಂಡೆ," ಎಂದಷ್ಟೇ ಅಂದರು.

ಆಮೇಲೆ ಕೆಲವು ವರ್ಷ ಈ ರೋಗದಲ್ಲಿ ನಾನು ಹೆಸರು ಮಾಡಿದೆ. ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗಳ ಜೀಪುಗಳಲ್ಲಿ ಕಲ್ಲಿನ ಹುಡಿ ರೇಡಿಯೇಟರಿನ ಮೇಲೆ ಸಿಮೆಂಟಿನ ಹಾಗೆ ಹತ್ತಿರುತ್ತಿತ್ತು. ಬೋರ್‌ವೆಲ್ ನೀರು ಹಾಕಿ ಹಾಕಿ ಒಳಗೆ ಸುಣ್ಣ ಕಟ್ಟಿದ ಗಾಡಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದೆ. ಒಂದು ಸಲ ಆ ಸುಣ್ಣ ಬಿಡಿಸಲು ಆ್ಯಸಿಡ್ ಜಾಸ್ತಿ ಹಾಕಿ ರೇಡಿಯೇಟರನ್ನೇ ಜರಡಿ ಮಾಡಿದ್ದೂ ಉಂಟು. ನೀವು ಆ ತಪ್ಪು ಮಾಡಬೇಡಿ. ಕೂಲೆಂಟ್ ಹಾಕಿ, ಬೋರ್ ನೀರು ಹಾಕಬೇಡಿ.

ಖಾದರ್ ಭಾಯ್‌ಗೆ ಮಂಡಿ ನೋವು ಹೆಚ್ಚಾಗಿ ಗ್ಯಾರೇಜು ಮುಚ್ಚಿದಾಗ ನಾನು ಬೇಗೂರು ರಸ್ತೆಯ ಒಂದು ಟ್ರಾನ್ಸ್‌ಪೋರ್ಟ್ ಕಂಟ್ರಾಕ್ಟರ ಶೆಡ್ಡಿಗೆ ಸೇರಿದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಜನರನ್ನು ಕರೆದೊಯ್ಯುವ ಮಿನಿ ಬಸ್ಸುಗಳು ಅಲ್ಲಿದ್ದವು. ಕೆಲಸದ ರೀತಿಯೇ ಬೇರೆ. ಪ್ರತಿ ಗಾಡಿಗೆ ಜಾಬ್ ಕಾರ್ಡು, ಪ್ರತಿ ಕೆಲಸಕ್ಕೆ ಇಷ್ಟು ನಿಮಿಷ ಎಂಬ ಮಿತಿ. ಮ್ಯಾನೇಜರ್ ಶ್ರೀಧರ್ ಸಾರ್ ಮೊದಲು ಕೊರಿಯರ್ ಕಂಪನಿಯಲ್ಲಿದ್ದವರು. ಇಂಜಿನ್ ಗೊತ್ತಿರಲಿಲ್ಲ, ಆದರೆ ಮನುಷ್ಯ ಕೆಟ್ಟವರಲ್ಲ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದು ಕೂತಿದ್ದರು. ಅವರ ಕೋಣೆಯ ಬಿಳಿ ಬೋರ್ಡಿನ ಮೇಲೆ ಎಲ್ಲ ಗಾಡಿಗಳ ನಂಬರೂ ಇತ್ತು. ರೂಟಿಗೆ ಹೋಗದ ಗಾಡಿಯ ಮುಂದೆ ಕೆಂಪು ಗುರುತು. ದಿನ ಬೆಳಗಾದರೆ ಅವರು ಕೆಂಪು ಗುರುತು ಎಣಿಸುತ್ತಿದ್ದರು. "ಗಾಡಿ ನಿಲ್ಬಾರ್ದು ರಂಗಸ್ವಾಮಿ, ಏನಾದ್ರೂ ಮಾಡಿ," ಎನ್ನುತ್ತಿದ್ದರು.

ಆದರೆ ಗಾಡಿಗಳು ನಿಲ್ಲುತ್ತಿದ್ದವು, ಶೆಡ್ಡಿನಲ್ಲಲ್ಲ, ರಸ್ತೆಯಲ್ಲಿ. ಹೊಸೂರು ರಸ್ತೆಯ ಮೇಲೆ ಆಗ ಉದ್ದಕ್ಕೂ ಫ್ಲೈಓವರ್ ಕಟ್ಟುತ್ತಿದ್ದರು. ಸಿಲ್ಕ್ ಬೋರ್ಡ್ ದಾಟಿದರೆ ಬೊಮ್ಮನಹಳ್ಳಿಯವರೆಗೆ ಗಾಡಿಗಳು ಉಸಿರು ಬಿಡುತ್ತಾ ನಿಂತಲ್ಲೇ ನಿಂತಿರುತ್ತಿದ್ದವು. ನಿಂತಾಗಲೂ ಎ.ಸಿ. ಹಾಕಿರಬೇಕೆಂದು ಕಂಪನಿಗಳ ಕರಾರು. ಕಾಯುವ ಗಾಡಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಯಮನಪ್ಪ ಅಲ್ಲಿ ಡ್ರೈವರ್ ಆಗಿದ್ದ. ಬಾಗಲಕೋಟೆ ಕಡೆಯವನು. ಮೂವತ್ತೈದರ ಆಸುಪಾಸು. ಕಟ್ಟಡದ ಕೆಲಸಕ್ಕೆ ಬಂದು, ಟಿಪ್ಪರ್ ಓಡಿಸಲು ಕಲಿತು, ಆಮೇಲೆ ಮಿನಿ ಬಸ್ಸಿಗೆ ಬಂದವನು. ಹೆಂಡತಿ ಶಾಂತವ್ವ ಇನ್ನೂ ಕಟ್ಟಡದ ಕೆಲಸಕ್ಕೇ ಹೋಗುತ್ತಿದ್ದಳು. ಬೇಗೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಾಡಿಯನ್ನು ಅವನಷ್ಟು ಚೆನ್ನಾಗಿ ಇಟ್ಟುಕೊಂಡವರು ನಮ್ಮಲ್ಲಿ ಬೇರೆ ಇರಲಿಲ್ಲ. ಚಕ್ರದ ಬೋಲ್ಟುಗಳನ್ನೂ ಒರೆಸುತ್ತಿದ್ದ.

ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂದು ಹೇಳಿದ: "ಮೇಸ್ತ್ರಿ, ಗಾಡಿ ನಿಂತ್ರ ಕಾಯ್ತೈತ್ರೀ. ಓಡೋ ಮುಂದ ಏನೂ ಇಲ್ಲ."

ನಾನು ಬಾನೆಟ್ ತೆಗೆದೆ. ಕೂಲೆಂಟ್ ಇತ್ತು. ಬೆಲ್ಟು ಬಿಗಿಯಾಗಿತ್ತು. ಜಾಲರಿಯ ನಡುವೆ ಟಾರ್ಚು ಹಾಕಿ ನೋಡಿದೆ, ಚೊಕ್ಕಟವಾಗಿತ್ತು. ಫ್ಯಾನನ್ನು ಕೈಯಿಂದ ತಿರುಗಿಸಿದೆ, ಬಿಗಿಯಾಗಿ ಹಿಡಿದುಕೊಂಡಿತ್ತು. ಬೇಗೂರು ಕೆರೆಯವರೆಗೆ ಓಡಿಸಿಕೊಂಡು ಹೋಗಿ ಬಂದೆ. ಮುಳ್ಳು ನಡುವಿನಲ್ಲೇ ಇತ್ತು. ಜಾಬ್ ಕಾರ್ಡಿನಲ್ಲಿ "ಪರೀಕ್ಷಿಸಲಾಗಿದೆ, ಸರಿಯಿದೆ" ಎಂದು ಬರೆದು ಸಹಿ ಮಾಡಿದೆ.

ಹತ್ತು ದಿನದ ಮೇಲೆ ಮತ್ತೆ ಬಂದ. ಈ ಸಲ ನನ್ನ ಕೈ ಹಿಡಿದು ಡ್ರೈವರ್ ಸೀಟಿಗೆ ಕರೆದೊಯ್ದ. ಮುಳ್ಳಿನ ಗಾಜಿನ ಮೇಲೆ ಎರಡು ಪುಟ್ಟ ಕೆಂಪು ಟಿಕಳಿಗಳನ್ನು ಅಂಟಿಸಿದ್ದ. ಹೆಂಗಸರು ಹಣೆಗಿಡುವ ಸ್ಟಿಕ್ಕರ್ ಬೊಟ್ಟಿಗೆ ಅವರ ಕಡೆ ಹಾಗೆನ್ನುತ್ತಾರೆ.

"ಇದು ಹೋದ ವಾರ ಏರಿದ್ದು, ಇದು ನಿನ್ನಿದು. ನೋಡ್ರಿ, ಎಷ್ಟು ಮ್ಯಾಲ ಬಂದೈತಿ."

ನನಗೆ ನಗು ಬಂತು. "ಏನೋ ಇದು, ಹೆಂಡ್ತಿ ಬೊಟ್ಟೆಲ್ಲ ತಂದು ಗಾಡಿಗೆ ಇಟ್ಟಿದ್ದೀಯ?"

ಅವನೂ ನಕ್ಕ. "ನೀವು ನಂಬಂಗಿಲ್ಲಲ್ರೀ, ಅದಕ್ಕ."

ಮತ್ತೆ ಅದೇ ಪರೀಕ್ಷೆ, ಅದೇ ಬೆಳಗಿನ ಹೊತ್ತು, ಅದೇ ಕೆರೆಯ ರಸ್ತೆ. ಮತ್ತೆ ಸಹಿ. ಅರ್ಧ ಗಂಟೆ ಎ.ಸಿ. ಹಾಕಿ ನಿಲ್ಲಿಸಿ ನೋಡಬೇಕು ಎಂದು ನನಗೆ ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಏಳೂವರೆಗೆ ಗಾಡಿ ರೂಟಿಗೆ ಹೋಗಬೇಕಿತ್ತು, ಇನ್ನೂ ನಾಲ್ಕು ಗಾಡಿಗಳು ಸಾಲಿನಲ್ಲಿದ್ದವು, ಬೋರ್ಡಿನ ಮೇಲೆ ಆಗಲೇ ಎರಡು ಕೆಂಪು ಗುರುತಿದ್ದವು. ಮಧ್ಯಾಹ್ನ ವಾಪಸ್ ಬಂದಾಗ ನೋಡೋಣ ಎಂದುಕೊಂಡೆ. ಮಧ್ಯಾಹ್ನ ಮರೆತೆ.

ಮೂರನೆಯ ಸಲ ಬಂದಾಗ ಅವನು ನಗಲಿಲ್ಲ. ಗಾಜಿನ ಮೇಲೆ ಮೂರನೆಯ ಟಿಕಳಿ ಕೆಂಪು ಗೆರೆಯ ಹತ್ತಿರ ಇತ್ತು. "ಎ.ಸಿ. ಬಂದ್ ಮಾಡಿದ್ರ ಸ್ವಲ್ಪ ಇಳೀತೈತ್ರೀ. ಬಂದ್ ಮಾಡಿದ್ರ ಒಳಗ ಕುಂತವ್ರು ಫೋನ್ ಮಾಡಿ ಕಂಪ್ಲೇಂಟ್ ಕೊಡ್ತಾರ. ನಿನ್ನೆ ಸಾಹೇಬ್ರು ಬೈದ್ರು. ನಾ ಏನ್ ಮಾಡ್ಲಿ, ಹೇಳ್ರಿ ಮೇಸ್ತ್ರಿ?"

ಮತ್ತೆ ಫ್ಯಾನು ಮುಟ್ಟಿ ನೋಡಿದೆ, ಬಿಗಿಯಾಗಿಯೇ ಇತ್ತು. ನಾನು ಶ್ರೀಧರ್ ಸಾರ್ ಹತ್ತಿರ ಹೋದೆ. ಒಂದು ದಿನ ಗಾಡಿ ಬಿಡಿ, ನಿಲ್ಲಿಸಿ ನೋಡುತ್ತೇನೆ ಎಂದೆ.

"ಸ್ಪೇರ್ ಗಾಡಿ ಎಲ್ಲಿದೆ ರಂಗಸ್ವಾಮಿ? ನೀವೇ ಎರಡು ಸಲ ಓಕೆ ಅಂತ ಬರ್ದಿದ್ದೀರಿ. ಓಕೆನಾ, ಅಲ್ವಾ? ಒಂದು ಹೇಳಿ."

ಅಲ್ಲ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಅದೂ ಅಲ್ಲದೆ, ಎರಡು ಸಲ ಸಹಿ ಹಾಕಿದವನಿಗೆ ಮೂರನೆಯ ಸಲ ಅಲ್ಲ ಎನ್ನುವುದು ಕಷ್ಟ. "ನೋಡಿದ ಮಟ್ಟಿಗೆ ಓಕೆ ಸಾರ್," ಎಂದು ಮೂರನೆಯ ಕಾರ್ಡಿಗೂ ಸಹಿ ಹಾಕಿದೆ. ಹೊರಗೆ ಬಂದು ಯಮನಪ್ಪನಿಗೆ, "ಏನೂ ಇಲ್ಲ ಕಣೋ, ಧೈರ್ಯವಾಗಿ ಓಡ್ಸು," ಎಂದೆ.

"ನೀವು ಅಂದ್ರ ಸರಿರೀ," ಎಂದು ಹೋದ.

ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ಫೋನ್ ಬಂತು. ಬೊಮ್ಮನಹಳ್ಳಿ ಹತ್ತಿರ ಗಾಡಿ ನಿಂತಿದೆ, ಡ್ರೈವರ್ ಸುಟ್ಟುಕೊಂಡಿದ್ದಾನೆ. ನಾನು ಬೈಕಿನಲ್ಲಿ ಹೋಗುವಷ್ಟರಲ್ಲಿ ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಗಾಡಿಯಲ್ಲಿದ್ದ ಒಬ್ಬ ಹುಡುಗಿ ಇನ್ನೂ ಫುಟ್‌ಪಾತಿನ ಮೇಲೆ ನಿಂತಿದ್ದಳು. ನಡೆದದ್ದನ್ನು ಹೇಳಿದವಳು ಅವಳೇ.

ಮುಳ್ಳು ಕೆಂಪಿಗೆ ಹೋದಾಗ ಅವನು ಗಾಡಿ ಪಕ್ಕಕ್ಕೆ ಹಾಕಿದನಂತೆ. ಹದಿನೈದು ನಿಮಿಷ ಕಾದನಂತೆ. ಶಿಫ್ಟಿಗೆ ಹೊತ್ತಾಯಿತೆಂದು ಒಳಗಿದ್ದವರು ಗಲಾಟೆ ಮಾಡಿದರು. ಕಂಪನಿಯ ಟ್ರಾನ್ಸ್‌ಪೋರ್ಟ್ ಡೆಸ್ಕಿನಿಂದ ಎರಡು ಸಲ ಫೋನ್ ಬಂತು. ಅವನು ಟವೆಲ್ ಒದ್ದೆ ಮಾಡಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ಮುಖ ಆಚೆ ತಿರುಗಿಸಿ, ಮೆಲ್ಲಗೆ ತಿರುವಿದ. ಮುಚ್ಚಳ ಹಾರಿತು. ಕುದಿಯುವ ನೀರು ಮುಖದ ಬಲಭಾಗಕ್ಕೆ, ಕತ್ತಿಗೆ, ಎದೆಗೆ ಬಡಿಯಿತು.

"ನಾನೂ ಬೇಗ ಬೇಗ ಅಂದೆ ಅಂಕಲ್," ಎಂದು ಅವಳು ಅತ್ತಳು. "ನಾನೂ ಅಂದೆ."

ಅವಳನ್ನು ಆಟೋ ಹತ್ತಿಸಿ ಬಾನೆಟ್ ಹತ್ತಿರ ಬಂದೆ. ಕೂಲೆಂಟಿನ ಹಸಿರು ನೀರು ರಸ್ತೆಯ ಮೇಲೆ ಹರಿದಿತ್ತು. ಇಂಜಿನ್ ಇನ್ನೂ ಸುಡುತ್ತಿತ್ತು. ಯಾಕೆಂದು ಗೊತ್ತಿಲ್ಲ, ಮೊದಲು ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟೆ. ಅದು ಗಿರ್ರನೆ ತಿರುಗಿತು. ಒಂದೇ ಬೆರಳಿಗೆ, ಮಕ್ಕಳ ಕಾಗದದ ಗಿರಿಗಿಟ್ಲೆಯ ಹಾಗೆ.

ಅಲ್ಲೇ ನನಗೆ ಎಲ್ಲ ತಿಳಿಯಿತು. ನೀವೂ ಸರಿಯಾಗಿ ತಿಳಿದುಕೊಳ್ಳಿ. ಈ ಗಾಡಿಗಳಲ್ಲಿ ಫ್ಯಾನು ಇಂಜಿನ್ನಿಗೆ ನೇರವಾಗಿ ಕಚ್ಚಿಕೊಂಡಿರುವುದಿಲ್ಲ. ನಡುವೆ ಒಂದು ಕಪ್ಲಿಂಗ್ ಇರುತ್ತದೆ, ಅದರೊಳಗೆ ಮಂದವಾದ ಎಣ್ಣೆ. ಕಾವು ಏರಿದಾಗ ಆ ಎಣ್ಣೆ ಫ್ಯಾನನ್ನು ಹಿಡಿದು ತಿರುಗಿಸಬೇಕು. ಕಪ್ಲಿಂಗ್ ಕೆಟ್ಟರೆ ಕಾದಾಗ ಹಿಡಿಯುವುದಿಲ್ಲ. ಆದರೆ ರಾತ್ರಿಯಿಡೀ ಗಾಡಿ ನಿಂತಾಗ ಎಣ್ಣೆ ಒಳಗೆ ಇಳಿದು ಕೂತಿರುತ್ತದೆ. ಹಾಗಾಗಿ ಬೆಳಿಗ್ಗೆ ತಣ್ಣಗಿರುವಾಗ ಕೆಟ್ಟ ಕಪ್ಲಿಂಗ್ ಕೂಡ ಗಟ್ಟಿಯಾಗಿಯೇ ಸಿಗುತ್ತದೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಾದರೆ ಸಡಿಲ. ನಾನು ಮೂರು ಸಲವೂ ಬೆಳಿಗ್ಗೆ, ತಣ್ಣಗಿದ್ದಾಗ ಮುಟ್ಟಿ ನೋಡಿದ್ದೆ. ಕಾದಾಗ ಮುಟ್ಟಿದ್ದರೆ ಒಂದು ಬೆರಳು ಸಾಕಿತ್ತು.

ಗಾಡಿಯನ್ನು ಎಳೆಸಿಕೊಂಡು ಶೆಡ್ಡಿಗೆ ತಂದು ಶ್ರೀಧರ್ ಸಾರ್‌ಗೆ ಹೇಳಿದೆ. "ಫ್ಯಾನ್ ಕಪ್ಲಿಂಗ್ ಹೋಗಿದೆ ಸಾರ್. ತಪ್ಪು ನಂದು."

ಅವರು ಎದ್ದು ಬಾಗಿಲು ಮುಚ್ಚಿದರು. ಮುಖ ಬೆವೆತಿತ್ತು. "ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ. ಮೂರು ಕಾರ್ಡಲ್ಲೂ ನಿಮ್ಮ ಸೈನ್ ಇದೆ, ಕೆಳಗೆ ನನ್ನದಿದೆ. ಬಿಸಿ ಇರೋವಾಗ ಮುಚ್ಚಳ ತೆಗೀಬಾರ್ದು ಅಂತ ಗಾಡಿ ಮೇಲೇ ಬರ್ದಿದೆ. ತೆಗ್ದಿದ್ದು ಯಾರು? ನಾವಾ?" ಆಮೇಲೆ ಮೆಲ್ಲಗೆ, "ನಾಡಿದ್ದು ಕಂಪನಿಯ ಸೇಫ್ಟಿ ಆಫೀಸರ್ ಗಾಡಿ ನೋಡೋಕೆ ಬರ್ತಾರೆ. ರೆಡಿ ಮಾಡಿ ಇಡಿ," ಎಂದರು.

ಹೊಸ ಕಪ್ಲಿಂಗನ್ನು ನಾನೇ ಹಾಕಿದೆ. ಇನ್ನೊಬ್ಬರಿಗೆ ಹೇಳಬಹುದಿತ್ತು. ಹೇಳಿದರೆ ಅವರಿಗೆ ಗೊತ್ತಾಗುತ್ತಿತ್ತು. ಹಳೆಯದನ್ನು ಗುಜರಿಯ ಡ್ರಮ್ಮಿನ ತಳಕ್ಕೆ ಹಾಕಿದೆ. ಬಾನೆಟ್ ತೊಳೆದೆ. ಕೊನೆಗೆ ಡ್ರೈವರ್ ಸೀಟಿನಲ್ಲಿ ಕೂತು ಗಾಜಿನ ಮೇಲಿದ್ದ ಮೂರು ಟಿಕಳಿಗಳನ್ನು ಉಗುರಿನಿಂದ ಕಿತ್ತೆ. ಅಂಟು ಹೋಗಲಿಲ್ಲ. ಡೀಸೆಲ್ ಬಟ್ಟೆಯಿಂದ ಒರೆಸಿದೆ. ಜೀವನದಲ್ಲಿ ಬಹಳ ಕೆಲಸ ಮಾಡಿದ್ದೇನೆ, ಅಷ್ಟು ನಾಜೂಕಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ಸೇಫ್ಟಿ ಆಫೀಸರ್ ಬಂದರು. ಕೆಲಸ ತಿಳಿದವರು. ಎ.ಸಿ. ಹಾಕಿಸಿ ಮುಕ್ಕಾಲು ಗಂಟೆ ಗಾಡಿಯನ್ನು ನಿಂತಲ್ಲೇ ಓಡಿಸಿದರು. ನಾನು ಮಾಡಬೇಕಾಗಿದ್ದ ಪರೀಕ್ಷೆ ಅದು. ಮುಳ್ಳು ನಡುವಿನಲ್ಲೇ ನಿಂತಿತು.

"ಡ್ರೈವರ್ ಮೂರು ಸಲ ಕಂಪ್ಲೇಂಟ್ ಕೊಟ್ಟಿದ್ದಾರೆ. ಆಗ ನಿಮಗೇನು ಸಿಕ್ತು?" ಎಂದು ಕೇಳಿದರು.

ಶ್ರೀಧರ್ ಸಾರ್ ನೆಲ ನೋಡುತ್ತಿದ್ದರು.

"ಆಗ ಏನೂ ಸಿಗಲಿಲ್ಲ ಸಾರ್," ಎಂದೆ.

ಅದು ನಿಜವೇ ಆಗಿತ್ತು. ಅವರು ಆಗ ಎಂದು ಕೇಳಿದ್ದರು, ನಾನು ಆಗ ಎಂದೇ ಉತ್ತರ ಕೊಟ್ಟಿದ್ದೆ. ಆಮೇಲೆ ಏನು ಸಿಕ್ಕಿತು ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಹೇಳುತ್ತಿರಲಿಲ್ಲ. ಗಾಡಿಯಲ್ಲಿ ದೋಷವಿಲ್ಲ, ಚಾಲಕ ಸೂಚನೆ ಮೀರಿ ಮುಚ್ಚಳ ತೆಗೆದಿದ್ದಾನೆ ಎಂದು ವರದಿಯಾಯಿತು.

ಆಸ್ಪತ್ರೆಗೆ ಹೋದೆ. ಬಲಗಣ್ಣು ಉಳಿಯಲಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಮುಖದ ಅರ್ಧಕ್ಕೆ ಬ್ಯಾಂಡೇಜು. ಧ್ವನಿ ಕೇಳಿಯೇ ಗುರುತು ಹಿಡಿದು, "ಮೇಸ್ತ್ರಿ ಬಂದ್ರೇನು?" ಎಂದು ಏಳಲು ನೋಡಿದ. ಮಲಗಿಸಿದೆ.

"ನಾನ ಅವಸರ ಮಾಡಿದೆರೀ," ಎಂದ. "ಇನ್ನೊಂದು ಹತ್ತು ನಿಮಿಷ ತಡೀಬೇಕಿತ್ತು. ಯಾರ್ದೂ ತಪ್ಪಿಲ್ಲ."

ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಶಾಂತವ್ವ ಕೂತಿದ್ದಳು. ಕೆಲಸದಿಂದ ನೇರವಾಗಿ ಬಂದಿರಬೇಕು, ಕಾಲಿನ ಮೇಲೆ ಸಿಮೆಂಟ್ ಒಣಗಿತ್ತು. ನನ್ನನ್ನೇ ನೋಡಿ ಕೇಳಿದಳು: "ಅಣ್ಣಾರ, ಗಾಡಿಯೊಳಗ ಏನರ ಇತ್ತೇನ್ರೀ? ಇವ್ರು ಒಂದು ತಿಂಗಳಿಂದ ಮನ್ಯಾಗ ಅದನ್ನ ಹೇಳ್ತಿದ್ರು. ಗಾಡಿ ಸರಿ ಇಲ್ಲ, ಗಾಡಿ ಸರಿ ಇಲ್ಲ ಅಂತ."

ವಾರ್ಡಿನಲ್ಲಿ ಬೇರೆ ಯಾರೂ ನಮ್ಮ ಮಾತು ಕೇಳುತ್ತಿರಲಿಲ್ಲ. ಶ್ರೀಧರ್ ಸಾರ್ ಇರಲಿಲ್ಲ. ಹೇಳಬಹುದಿತ್ತು.

"ನೋಡಿದ್ವಿ ತಾಯಿ," ಎಂದೆ. "ಏನೂ ಸಿಗಲಿಲ್ಲ."

ಅವಳು ತಲೆಯಾಡಿಸಿ ಗಂಡನ ಕಡೆ ತಿರುಗಿದಳು. ಅವನನ್ನು ಅವಳು ಆ ಗಳಿಗೆಯವರೆಗೆ ನಂಬಿದ್ದಳು ಎಂದು ನನಗೆ ಅನ್ನಿಸಿತು. ಆ ನಂಬಿಕೆ ತೆಗೆದವನು ನಾನು.

ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಒಂದು ಕಣ್ಣಿನವನಿಗೆ ಬಸ್ಸು ಓಡಿಸುವ ಲೈಸೆನ್ಸು ಉಳಿಯುವುದಿಲ್ಲ. ಕೆಲವು ತಿಂಗಳಾದ ಮೇಲೆ ಬೇಗೂರಿನ ಆ ಮನೆಯ ಮುಂದೆ ಹಾದುಹೋದೆ. ಬೇರೆ ಯಾರೋ ಬಾಡಿಗೆಗೆ ಬಂದಿದ್ದರು.

ಆಮೇಲೆ ಹತ್ತು ವರ್ಷ ಕೆಲಸ ಮಾಡಿದೆ. ಹೊಸ ಗಾಡಿಗಳು ಬಂದವು. ವೈರು ಚುಚ್ಚಿದರೆ ರೋಗದ ಹೆಸರು ಹೇಳುವ ಸ್ಕ್ಯಾನರ್ ಬಂತು. ಎಲ್ಲರೂ ಅದರ ಪರದೆ ನೋಡುವವರಾದರು, ಡ್ರೈವರ್ ಮುಖ ನೋಡುವವರು ಕಡಿಮೆಯಾದರು. ನಾನು ಮಾತ್ರ ಕಾಯುತ್ತದೆ ಎಂದ ಪ್ರತಿ ಗಾಡಿಯನ್ನೂ ಎ.ಸಿ. ಹಾಕಿ ಅರ್ಧ ಗಂಟೆ ನಿಲ್ಲಿಸಿ, ಕಾದ ಮೇಲೆ ಇಂಜಿನ್ ಆಫ್ ಮಾಡಿ ಫ್ಯಾನು ಮುಟ್ಟಿ ನೋಡುತ್ತಿದ್ದೆ. ಹಿಂದೆ ಬಿದ್ದ ಫೋರ್‌ಮನ್ ಎಂದು ಹೆಸರಾಯಿತು. ಶ್ರೀಧರ್ ಸಾರ್ ಒಂದು ದಿನವೂ ನನ್ನನ್ನು ತಡೆಯಲಿಲ್ಲ. ನಾವಿಬ್ಬರೂ ಆ ವಿಷಯ ಮತ್ತೆ ಎಂದೂ ಆಡಲಿಲ್ಲ. ಅವರು ಕೆಲಸ ಬಿಟ್ಟು ಹೋದ ದಿನ ನನ್ನ ಕೈ ಬಹಳ ಹೊತ್ತು ಹಿಡಿದುಕೊಂಡಿದ್ದರು, ಅಷ್ಟೇ.

ಹೊಸಬರಿಗೆ ಪಾಠ ಮಾಡುವಾಗ ಈ ಘಟನೆ ಹೇಳುತ್ತಿದ್ದೆ. "ಪೀಣ್ಯದ ಕಡೆ ಒಬ್ಬ ಮೆಕ್ಯಾನಿಕ್ ಹೀಗೆ ಮಾಡಿದ್ದನಂತೆ," ಎಂದು ಹೇಳುತ್ತಿದ್ದೆ. ಎಂಥ ಮೂರ್ಖ ಎಂದು ಅವರು ಅಂದರೆ ಹೌದು ಎನ್ನುತ್ತಿದ್ದೆ. ನಿಮ್ಮಲ್ಲಿ ಕೆಲವರು ಅದನ್ನು ನನ್ನ ಬಾಯಿಂದಲೇ ಕೇಳಿದ್ದೀರಿ. ಆ ಮೂರ್ಖ ಯಾರೆಂದು ಈಗ ನಿಮಗೆ ಗೊತ್ತಾಯಿತು.

ನಿವೃತ್ತಿಯಾದ ವರ್ಷ ಒಬ್ಬ ಹಳೆಯ ಡ್ರೈವರ್ ಸಿಕ್ಕಿ, ಯಮನಪ್ಪ ಜಿಗಣಿಯಲ್ಲಿ ಗ್ರಾನೈಟ್ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಕೂರುತ್ತಾನೆಂದು ಹೇಳಿದ. ಬಸ್ಸು ಹತ್ತಿ ಹೋದೆ. ಕಲ್ಲು ಕೊಯ್ಯುವ ಸದ್ದಿನ ನಡುವೆ, ಬಿಳಿ ಹುಡಿ ಕೂತ ಕುರ್ಚಿಯ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ತಲೆ ನರೆತಿತ್ತು. ಕತ್ತಿನ ಬಲಗಡೆಯ ಚರ್ಮ ಸುಕ್ಕುಗಟ್ಟಿ ಗಂಟಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ.

ಚಹಾ ತರಿಸಿದ. ಚಹಾ ಕುಡಿಯುವ ಮುಂಚೆಯೇ ಹೇಳಿಬಿಟ್ಟೆ. ಕಪ್ಲಿಂಗ್, ಬೆಳಗಿನ ಪರೀಕ್ಷೆ, ಗುಜರಿ ಡ್ರಮ್ಮು, ಟಿಕಳಿ ಕಿತ್ತದ್ದು, ಎಲ್ಲ. ಅವನು ಗ್ಲಾಸು ಹಿಡಿದು ಕೂತಿದ್ದ. ಒಳಗೆ ಒಂದು ಮಿಷನ್ ನಿಂತಿತು, ಇನ್ನೊಂದು ಶುರುವಾಯಿತು.

"ಗಾಡಿ ಕೆಟ್ಟಿತ್ತೇನ್ರೀ ಹಂಗಾರ?" ಎಂದ ಕೊನೆಗೆ.

"ಕೆಟ್ಟಿತ್ತು. ನೀನು ಹೇಳಿದ್ದೆಲ್ಲ ಸರಿಯಾಗೇ ಇತ್ತು."

"ಇಷ್ಟ್ ವರ್ಷ ನಾ ಎಲ್ಲಾರಿಗೂ ನಂದ ತಪ್ಪು ಅಂತ ಹೇಳ್ಕೋಂತ ಬಂದೀನಿ. ನನ್ನ ಮಗಳು ದೊಡ್ಡಾಕಿ ಆದ್ಲು. ಸಿಟ್ಟು ಬಂದಾಗ ಆಕಿನೂ ಅದನ್ನ ಆಡ್ತಾಳ. ನಿನ್ನ ಅವಸರದಿಂದ ನಮ್ಗ ಈ ಗತಿ ಬಂತು ಅಂತ." ಗ್ಲಾಸನ್ನು ಕೆಳಗಿಟ್ಟ. ಬೈಯಲಿಲ್ಲ. ಬೈಯುತ್ತಾನೆಂದು ನಾನು ಕಾಯುತ್ತಿದ್ದೆ. "ಮನೀಗೆ ಬರ್ರಿ. ನಮ್ಮಾಕಿ ಮುಂದ ಇದನ್ನ ಹೇಳ್ರಿ. ನಾ ಹೇಳಿದ್ರ ಆಕಿ ನಂಬಂಗಿಲ್ಲ."

ಫ್ಯಾಕ್ಟರಿಯ ಹಿಂದೆಯೇ ಶೀಟಿನ ಮನೆ. ಶಾಂತವ್ವ ಹೊಸಿಲ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಅವಳು ಮೊರದ ಮೇಲಿನ ಕೈ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

ಆಮೇಲೆ ಒಳಗೆ ಹೋಗಿ ಮಗಳ ಹಳೆಯ ನೋಟ್‌ಬುಕ್ಕೂ ಪೆನ್ನೂ ತಂದು ನನ್ನ ಮುಂದಿಟ್ಟಳು. "ಬಾಯಿಲೆ ಹೇಳಬ್ಯಾಡ್ರಿ. ಬರದು ಕೊಡ್ರಿ."

ಗಾಡಿಯಲ್ಲಿ ದೋಷವಿತ್ತು, ಚಾಲಕ ಮೂರು ಸಲ ತಿಳಿಸಿದ್ದ, ನಾನು ಸರಿಯಾಗಿ ಪರೀಕ್ಷಿಸದೆ ಸಹಿ ಮಾಡಿದೆ, ಆಮೇಲೆ ಮುಚ್ಚಿಟ್ಟೆ ಎಂದು ಬರೆದೆ. ಕೆಳಗೆ ಹೆಸರು ಬರೆದು ಸಹಿ ಹಾಕಿದೆ. ಶಾಂತವ್ವನಿಗೆ ಓದಲು ಬರುತ್ತಿರಲಿಲ್ಲ. ನನ್ನಿಂದಲೇ ಎರಡು ಸಲ ಓದಿಸಿದಳು.

"ಇದನ್ನ ಈಗ ಯಾರಿಗೆ ಕೊಡ್ಬೇಕ್ರೀ?" ಎಂದು ಕೇಳಿದಳು.

ನಾನು ಯೋಚಿಸಿದೆ. ಆ ಕಂಟ್ರಾಕ್ಟರು ವ್ಯವಹಾರ ಮಾರಿ ಬಹಳ ಕಾಲವಾಗಿತ್ತು. ನಾನು ನಿವೃತ್ತನಾದದ್ದು ಕೊಂಡವರ ಕೈಕೆಳಗೆ. ಅವರ ಹತ್ತಿರ ಹಳೆಯ ಕಡತ ಒಂದೂ ಇರಲಿಲ್ಲ. ಸೇಫ್ಟಿ ಆಫೀಸರ್ ಎಲ್ಲಿದ್ದಾರೋ ಗೊತ್ತಿಲ್ಲ. ಆ ಗಾಡಿಯನ್ನೂ ಎಂದೋ ಗುಜರಿಗೆ ಹಾಕಿದ್ದರು.

"ಗೊತ್ತಿಲ್ಲ ತಾಯಿ," ಎಂದೆ.

ಅವಳು ಹಾಳೆಯನ್ನು ಮಡಿಸಿ ಸೆರಗಿನಲ್ಲಿಟ್ಟುಕೊಂಡಳು. "ಬಸ್ಸಿಗೆ ಹೊತ್ತಾತು, ಹೋಗ್ರಿ," ಎಂದಳು. ಒಂದು ಲೋಟ ನೀರು ಬೇಕೇ ಎಂದು ಕೇಳಲಿಲ್ಲ. ನಾನು ಅದನ್ನು ಬಯಸಿಯೂ ಇರಲಿಲ್ಲ.

ಬಸ್ ಸ್ಟಾಪಿನವರೆಗೆ ಯಮನಪ್ಪ ಬಂದ. ಬೇಡವೆಂದರೂ ಬಂದ. ಗೇಟು ದಾಟಿದ ಮೇಲೆ ನನ್ನನ್ನು ಇನ್ನೊಂದು ಮಗ್ಗುಲಿಗೆ ಸರಿಸಿ, "ನೀವು ಬಲಕ್ಕ ನಡೀರಿ, ಆ ಕಡೆ ನನಗ ಕಾಣೂದಿಲ್ಲ," ಎಂದ. ಸ್ಟಾಪಿಗೆ ರಸ್ತೆ ದಾಟಬೇಕಿತ್ತು. ಕಲ್ಲು ಹೇರಿದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅಂಚಿನಲ್ಲಿ ನಿಂತು ನನ್ನ ಮೊಳಕೈ ಹಿಡಿದುಕೊಂಡ.

"ಆ ಕಡಿಂದ ಏನರ ಬರಾಕತ್ತೈತೇನ್ರೀ ಮೇಸ್ತ್ರಿ?"

ನೋಡಿದೆ. ಕೊನೆಯ ಲಾರಿ ದಾಟಿಹೋದ ಮೇಲೆ ಮತ್ತೊಮ್ಮೆ ನೋಡಿದೆ.

"ಏನೂ ಇಲ್ಲ," ಎಂದೆ.

ಅವನು ಆ ಕಡೆ ತಲೆ ತಿರುಗಿಸಲೂ ಇಲ್ಲ. ನನ್ನ ಮಾತಿನ ಮೇಲೆ ರಸ್ತೆಗೆ ಹೆಜ್ಜೆ ಇಟ್ಟ.